ಕೋವಿಗೆ ಪೂಜೆ ಒಂದು ದಿನ, ಬೀಗ ಎಷ್ಟು ದಿನ?

ಮಡಿಕೇರಿಯಿಂದ ವಿರಾಜಪೇಟೆಗೆ ಹೋಗುವ ಬಸ್ಸಿನಲ್ಲಿ ಪಕ್ಕದ ಸೀಟಿನ ಯಜಮಾನರನ್ನು ಮೆಲ್ಲಗೆ ಕೇಳಿ ನೋಡಿ: 'ಮನೇಲಿ ಕೋವಿ ಎಲ್ಲಿ ಇಟ್ಟಿದ್ದೀರಿ?'

ಒಬ್ಬರು 'ಬಾಗಿಲ ಹಿಂದೆ, ಮೊಳೆಗೆ' ಅಂತಾರೆ. ಇನ್ನೊಬ್ಬರು 'ಮಂಚದ ಕೆಳಗೆ' ಅಂತಾರೆ. ಮತ್ತೊಬ್ಬರು ಮೀಸೆ ತಿರುವಿ 'ಹಾಲ್‌ನಲ್ಲಿ, ಅಜ್ಜನ ಫೋಟೋ ಪಕ್ಕ. ಬಂದೋರಿಗೆಲ್ಲ ಕಾಣ್ಬೇಕಲ್ಲ' ಅಂತಾರೆ. ಸ್ವಲ್ಪ ಜಾಗ್ರತೆಯವರು 'ಬೀರುವಿನಲ್ಲಿ, ಸೀರೆ ಹಿಂದೆ' ಅನ್ನುತ್ತಾರೆ. ಬೀರುವಿನ ಕೀಲಿ ಎಲ್ಲಿ ಸ್ವಾಮಿ? 'ಬೀರುವಿಗೇ ಇದೆ. ತೆಗೆದ್ರೆ ಕಳೆದೋಗುತ್ತೆ.'

ಇದೇ ಪ್ರಶ್ನೆಯನ್ನು ಅದೇ ಮನೆಯ ಆರು ವರ್ಷದ ಮೊಮ್ಮಗನಿಗೆ ಕೇಳಿ. ಅವನಿಗೂ ಗೊತ್ತು. ಕೋವಿ ಎಲ್ಲಿದೆ ಅಂತ ಗೊತ್ತು, ಕಾಡತೂಸಿನ ಡಬ್ಬ ಯಾವ ಖಾನೆಯಲ್ಲಿದೆ ಅಂತ ಗೊತ್ತು, ಯಾವ ಸ್ಟೂಲು ಹಾಕಿದರೆ ಕೈಗೆ ಎಟಕುತ್ತೆ ಅನ್ನೋದೂ ಗೊತ್ತು. ದೊಡ್ಡವರು ಮಾತ್ರ 'ಅವನಿಗೇನು ತಿಳಿಯುತ್ತೆ, ಮಗು' ಅಂದುಕೊಂಡು ಕಾಫಿ ಕುಡೀತಾ ಇರ್ತಾರೆ.

ಸೆಪ್ಟೆಂಬರ್ ಬಂತೆಂದರೆ ಕೈಲ್ ಮುಹೂರ್ತ. ಕೋವಿ ಹೊರಗೆ ಬರುತ್ತೆ, ಒರೆಸಿಕೊಳ್ಳುತ್ತೆ, ಎಣ್ಣೆ ಕಾಣುತ್ತೆ. ನಳಿಗೆಗೆ ತೋಕ್ ಪೂ ಸಿಕ್ಕಿಸಿ ದೀಪದ ಮುಂದೆ ಇಟ್ಟು ಪೂಜೆ ಮಾಡ್ತಾರೆ. ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪೈಪೋಟಿ ನಡೆಯುತ್ತೆ. ಮಗು ಹುಟ್ಟಿದರೆ ಒಂದು ಈಡು, ಮನೆಯಲ್ಲಿ ಸಾವಾದರೆ ಎರಡು ಈಡು, ಹುತ್ತರಿಯಲ್ಲಿ ಕದಿರು ಕೊಯ್ಯುವಾಗ ಒಂದು ಈಡು. ಹೀಗೆ ಹುಟ್ಟು, ಸಾವು, ಸುಗ್ಗಿ ಎಲ್ಲಕ್ಕೂ ಕೋವಿ ಬೇಕಾದ ಜಿಲ್ಲೆ ಇದು. ಇಷ್ಟು ಮರ್ಯಾದೆ ಪಡೆಯುವ ಕೋವಿ ಮಾರನೆಯ ದಿನ ಎಲ್ಲಿಗೆ ಹೋಗುತ್ತೆ? ಮತ್ತೆ ಬಾಗಿಲ ಹಿಂದಿನ ಮೊಳೆಗೆ!

ರಿಯಾಯಿತಿ ಯಾವುದಕ್ಕೆ?

ಕೊಡಗಿನ ಕೋವಿ ಕಥೆ ಬೇರೆ ಜಿಲ್ಲೆಯವರಿಗೆ ಆಶ್ಚರ್ಯ. 1861ರಲ್ಲಿ ಬ್ರಿಟಿಷರು ನಿಶ್ಶಸ್ತ್ರೀಕರಣ ಕಾಯ್ದೆಯಿಂದ ಕೊಡವರನ್ನು ಹೊರಗಿಟ್ಟರು. ಸ್ವಾತಂತ್ರ್ಯ ಬಂದು 1959ರಲ್ಲಿ ಹೊಸ ಆಯುಧ ಕಾಯ್ದೆ ಆದ ಮೇಲೆ, 1963ರಲ್ಲಿ ಕೇಂದ್ರ ಸರಕಾರವೂ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸಿನಿಂದ ವಿನಾಯಿತಿ ಕೊಟ್ಟಿತು. 2019ರಲ್ಲಿ ಆ ವಿನಾಯಿತಿಯನ್ನು ಮತ್ತೆ ಹತ್ತು ವರ್ಷಕ್ಕೆ, ಅಂದರೆ 2029ರ ಅಕ್ಟೋಬರ್ ಕೊನೆಯವರೆಗೆ ಮುಂದುವರಿಸಲಾಗಿದೆ. ಇದನ್ನು ಪ್ರಶ್ನಿಸಿ ಕೆಲವರು ಕೋರ್ಟಿಗೆ ಹೋದರು. 2021ರಲ್ಲಿ ಹೈಕೋರ್ಟ್ ವಿನಾಯಿತಿಯನ್ನೇ ಎತ್ತಿಹಿಡಿಯಿತು.

ಬಹಳ ಸಂತೋಷ. ಆದರೆ ವಿನಾಯಿತಿ ಸಿಕ್ಕಿರೋದು ಲೈಸೆನ್ಸಿಗೆ, ಜವಾಬ್ದಾರಿಗೆ ಅಲ್ಲ. ಈ ಸಣ್ಣ ವ್ಯತ್ಯಾಸ ಎಷ್ಟೋ ಜನರ ತಲೆಗೆ ಹೋಗಿಲ್ಲ.

ಸಕಲೇಶಪುರ, ಮೂಡಿಗೆರೆ, ಕೊಪ್ಪ, ತೀರ್ಥಹಳ್ಳಿ ಕಡೆಯ ಬೆಳೆಗಾರ ಬೆಳೆ ರಕ್ಷಣೆಗೆ ಅಂತ ಒಂದು ಕೋವಿ ಪಡೆಯಬೇಕಾದರೆ ಕಚೇರಿಯಿಂದ ಕಚೇರಿಗೆ ಅಲೆಯಬೇಕು. 2016ರ ಆಯುಧ ನಿಯಮಗಳ ಪ್ರಕಾರ ಕೋವಿಯನ್ನು ಮನೆಯಲ್ಲಿ ಸುರಕ್ಷಿತವಾಗಿ ಇಡುತ್ತೇನೆ ಅಂತ ಬರೆದುಕೊಡಬೇಕು. ಬರೆದುಕೊಟ್ಟವರೆಲ್ಲ ಇಡ್ತಾರೆ ಅಂತಲ್ಲ. ಆದರೂ ಸಹಿ ಹಾಕುವಾಗಲಾದರೂ ಒಂದು ಸಲ 'ಎಲ್ಲಿ ಇಡೋದು?' ಅಂತ ಯೋಚನೆ ಬರುತ್ತೆ. ವಿನಾಯಿತಿ ಇರುವ ಮನೆಗೆ ಅಪ್ಪನಿಂದ ಮಗನಿಗೆ ಕೋವಿ ಬಂದುಬಿಡುತ್ತೆ. ಆ ಪ್ರಶ್ನೆ ಕೇಳುವವರೇ ಇಲ್ಲ. ಆದ್ದರಿಂದ ಆ ಮನೆಯವರು ತಮಗೆ ತಾವೇ ಕೇಳಿಕೊಳ್ಳಬೇಕು.

ಕೇಳಿಕೊಳ್ಳದಿದ್ದರೆ ಕೋರ್ಟು ಕೇಳುತ್ತೆ. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ, ನಿರ್ಲಕ್ಷ್ಯದಿಂದ ಯಾರಾದರೂ ಸತ್ತರೆ ಐದು ವರ್ಷದ ತನಕ ಜೈಲು. 'ಮಗು ಆಟ ಆಡ್ತಾ ಎಳೆದುಬಿಡ್ತು' ಅನ್ನೋದು ಅಳುವುದಕ್ಕೆ ಕಾರಣವಾದೀತು, ತಪ್ಪಿಸಿಕೊಳ್ಳುವುದಕ್ಕೆ ಆಗಲಾರದು.

'ಅಜ್ಜನ ಕಾಲದಲ್ಲಿ ಬೀಗ ಇತ್ತಾ?'

ಪೆಟ್ಟಿಗೆ ಮಾತು ಎತ್ತಿದರೆ ಬರುವ ಮೊದಲ ಉತ್ತರ ಇದು. 'ನಮ್ಮಜ್ಜ ಗೋಡೆಗೆ ನೇತು ಹಾಕಿದ್ರು. ಏನೂ ಆಗ್ಲಿಲ್ಲ ಮಾರಾಯ್ರೆ.'

ಅಜ್ಜನ ಕಾಲದ ಕೋವಿ ಯಾವುದು? ಹೆಚ್ಚಿನ ಮನೆಯಲ್ಲಿ ಕೇಪಿನ ಕೋವಿ. ಅದಕ್ಕೆ ಮದ್ದು ಅಳೆದು ಸುರೀಬೇಕು, ನಾರು ತುರುಕಬೇಕು, ಗಜದಲ್ಲಿ ಜಡೀಬೇಕು, ಚರೆ ಹಾಕಬೇಕು, ಮತ್ತೆ ಜಡೀಬೇಕು, ಕೊನೆಗೆ ಕೇಪು ಕೂರಿಸಬೇಕು. ಬಲ್ಲವರಿಗೇ ಒಂದೆರಡು ನಿಮಿಷದ ಕೆಲಸ. ಮಗುವಿನ ಕೈಲಿ ಆಗುವ ಮಾತಲ್ಲ. ಈಗಿನದು ಜೋಡು ನಳಿಗೆಯ ತೋಟಾ ಕೋವಿ. ಮಡಚಿ, ಎರಡು ಕಾಡತೂಸು ಇಳಿಸಿ, ಮುಚ್ಚಿದರೆ ಮುಗೀತು. ಟಿವಿ, ಮೊಬೈಲ್ ನೋಡಿ ಬೆಳೆದ ಹುಡುಗನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅಜ್ಜನ ಮನೆ ಯಾವುದು? ಐನ್‌ಮನೆ. ಮೂವತ್ತು ನಲವತ್ತು ಜನ. ಹಗಲು ರಾತ್ರಿ ಯಾರಾದರೂ ಜಗಲಿಯಲ್ಲಿ ಇದ್ದೇ ಇರೋರು. ಕೋವಿ ಮುಟ್ಟಬೇಕಾದರೆ ಹಿರಿಯರ ಅಪ್ಪಣೆ ಬೇಕು. ಹುಡುಗರಿಗೆ ಬೀಗಕ್ಕಿಂತ ಅವರ ಕಣ್ಣಿನ ಹೆದರಿಕೆ ಜಾಸ್ತಿ. ಈಗ ತೋಟದ ಮನೆಯಲ್ಲಿ ಇರೋರು ವಯಸ್ಸಾದ ಇಬ್ಬರು. ಮಗ ಬೆಂಗಳೂರಲ್ಲಿ, ಮಗಳು ಹೊರದೇಶದಲ್ಲಿ. ಪಕ್ಕದ ಕೋಣೆ ಹೋಂಸ್ಟೇ, ವಾರಕ್ಕೊಮ್ಮೆ ಗುರುತಿಲ್ಲದ ಅತಿಥಿಗಳು. ಕಾಫಿ ಕುಯ್ಲಿಗೆ ದೂರದ ರಾಜ್ಯದಿಂದ ಬಂದ ಕೆಲಸಗಾರರು. ರಜೆಗೆ ಬರುವ ಮೊಮ್ಮಕ್ಕಳು. ಮದುವೆ, ಸಾವು ಅಂದರೆ ಮನೆಗೆ ಬೀಗ ಹಾಕಿ ಎರಡು ದಿನ ಹೊರಗೆ.

ಯಾರನ್ನೂ ಕಳ್ಳರು ಅನ್ನಬೇಕಾಗಿಲ್ಲ. ನೋಡಿಕೊಳ್ಳುವ ಕಣ್ಣು ಕಡಿಮೆಯಾಗಿದೆ, ಬಂದು ಹೋಗುವ ಕಾಲು ಜಾಸ್ತಿಯಾಗಿದೆ. ಕೋವಿಯೂ ಬದಲಾಯಿತು, ಮನೆಯೂ ಬದಲಾಯಿತು. ಮೊಳೆ ಮಾತ್ರ ಅದೇ ಜಾಗದಲ್ಲಿದೆ.

ಇನ್ನೊಂದು ವಿಷಯ ಯಾರೂ ಬಾಯಿ ಬಿಟ್ಟು ಹೇಳೋದಿಲ್ಲ. ಕೋವಿಯಿಂದ ಆಗುವ ಸಾವಲ್ಲಿ ಕಳ್ಳರದ್ದು, ಕಾಡುಪ್ರಾಣಿಯದ್ದು ಮಾತ್ರವಲ್ಲ, ಮನೆಯವರದ್ದೇ ಇದೆ. ಸಾಲ, ಕುಡಿತ, ಅಣ್ಣತಮ್ಮಂದಿರ ಜಮೀನು ಜಗಳ, ಪರೀಕ್ಷೆ ಫಲಿತಾಂಶ. ಒಂದು ಕೆಟ್ಟ ಗಳಿಗೆ. ಆ ಗಳಿಗೆಯಲ್ಲಿ ಕೋವಿ ಕೈಗೆ ಸಿಗೋದಕ್ಕೂ, ಬೀಗ ಹುಡುಕೋದರಲ್ಲಿ ಹತ್ತು ನಿಮಿಷ ಕಳೆಯೋದಕ್ಕೂ ಒಂದು ಜೀವದಷ್ಟು ವ್ಯತ್ಯಾಸ ಇದೆ. 2005ರಲ್ಲಿ ಅಮೆರಿಕದ ವೈದ್ಯರ ಸಂಘದ ಪತ್ರಿಕೆಯಲ್ಲಿ ಬಂದ ಅಧ್ಯಯನ ಒಂದು ನಾಲ್ಕು ವಿಷಯ ನೋಡಿತು: ಕೋವಿಗೆ ಬೀಗ, ಕೋವಿ ಖಾಲಿ, ಕಾಡತೂಸಿಗೆ ಬೀಗ, ಕಾಡತೂಸು ಬೇರೆ ಕಡೆ. ನಾಲ್ಕರಲ್ಲಿ ಪ್ರತಿಯೊಂದೂ ಇದ್ದ ಮನೆಗಳಲ್ಲಿ ಮಕ್ಕಳು, ಹರೆಯದವರು ಕೋವಿಯಿಂದ ಗಾಯಗೊಳ್ಳುವುದು, ಪ್ರಾಣ ಕಳೆದುಕೊಳ್ಳುವುದು ಕಡಿಮೆ ಕಂಡಿತು. ಮನೆಯಲ್ಲಿ ಯಾರಾದರೂ ಮನಸ್ಸು ಕೆಡಿಸಿಕೊಂಡಿದ್ದರೆ ಮೊದಲು ಕೋವಿಯನ್ನು ಆ ಮನೆಯಿಂದಲೇ ಹೊರಗೆ ಸಾಗಿಸಿ, ಪೊಲೀಸ್ ಠಾಣೆಯಲ್ಲೋ ಲೈಸೆನ್ಸ್ ಇರುವ ಕೋವಿ ಅಂಗಡಿಯಲ್ಲೋ ಇಟ್ಟು ರಸೀತಿ ಪಡೆಯಿರಿ. ಜೊತೆಗೆ 14416ಕ್ಕೆ ಫೋನ್ ಮಾಡಿ. ಸರಕಾರದ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡ್ತಾರೆ.

ಬಟ್ಟೆ ಬೀರು ಕೋವಿ ಪೆಟ್ಟಿಗೆ ಅಲ್ಲ

ಸರಿ, ಪೆಟ್ಟಿಗೆ ಬೇಕು ಅಂತಾಯಿತು. ಎಂಥಾದ್ದು?

ಬಟ್ಟೆ ಬೀರುವಿನ ತಗಡು ಸಾಮಾನ್ಯವಾಗಿ ಒಂದು ಮಿಲಿಮೀಟರಿಗಿಂತ ತೆಳು. ದೊಡ್ಡ ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಬಾಗಿಲು ಬಗ್ಗುತ್ತೆ. ಕೋವಿ ಪೆಟ್ಟಿಗೆಗೆ ಎರಡು ಮಿಲಿಮೀಟರು ಕನಿಷ್ಠ, ಮೂರು ಮಿಲಿಮೀಟರು ಆದರೆ ಒಳ್ಳೇದು. ಅಂಗಡಿಯಲ್ಲಿ ಗೇಜ್ ಲೆಕ್ಕ ಹೇಳ್ತಾರೆ. ಇದರಲ್ಲಿ ಮೋಸ ಹೋಗಬೇಡಿ, ಗೇಜ್ ನಂಬರು ದೊಡ್ಡದಾದಷ್ಟೂ ತಗಡು ತೆಳು. 14 ಗೇಜ್ ಅಂದರೆ ಎರಡು ಮಿಲಿಮೀಟರು. 18 ಗೇಜ್ ಅಂದರೆ ಬರೀ 1.2. '18 ಗೇಜ್ ಸಾವ್ಕಾರ್ರೆ, ಭಾರಿ ಗಟ್ಟಿ' ಅಂತ ಯಾರಾದರೂ ಹೇಳಿದರೆ ನಕ್ಕು ಮುಂದಿನ ಅಂಗಡಿಗೆ ಹೋಗಿ.

ಎತ್ತರ ಎಷ್ಟು? ಜೋಡು ನಳಿಗೆ ಕೋವಿ ಹೆಚ್ಚುಕಡಿಮೆ ನಾಲ್ಕು ಅಡಿ ಉದ್ದ. ಕೇಪಿನ ಕೋವಿ ಅದಕ್ಕಿಂತಲೂ ಉದ್ದ ಇರಬಹುದು. ಅಂದಾಜಿನ ಮೇಲೆ ಪೆಟ್ಟಿಗೆ ತಂದು ಆಮೇಲೆ ಕೋವಿ ಓರೆಯಾಗಿ ತುರುಕಿ, ನಳಿಗೆ ಮೂತಿ ಉಜ್ಜಿಸಿಕೊಳ್ಳುವವರು ಇದ್ದಾರೆ. ಟೇಪು ಹಿಡಿದು ಅಳೆದು ಹೋಗಿ. ಜಾಗ ಕಡಿಮೆ ಇದ್ದರೆ ಇನ್ನೊಂದು ದಾರಿ ಇದೆ. ಮಡಚುವ ಕೋವಿಯನ್ನು ನಳಿಗೆ, ಹಿಡಿ, ಕೆಳಮರ ಅಂತ ಮೂರು ಭಾಗ ಬಿಚ್ಚಬಹುದು. ಆಗ ಮೂರಡಿ ಪೆಟ್ಟಿಗೆ ಸಾಕು. ಬಿಚ್ಚಿಟ್ಟ ಕೋವಿಯನ್ನು ಕದ್ದವನಿಗೂ ತಕ್ಷಣ ಉಪಯೋಗ ಇಲ್ಲ.

ಪಟ್ಟಣದಿಂದ ತರಿಸಬೇಕೆಂದೇನೂ ಇಲ್ಲ. ಒಳ್ಳೆ ವೆಲ್ಡಿಂಗ್ ಶಾಪಿನವನಿಗೆ ಹೇಳಿದರೆ ಮಾಡಿಕೊಡ್ತಾನೆ. ನಾಲ್ಕೂವರೆ ಅಡಿ ಎತ್ತರ, ಹದಿನಾಲ್ಕು ಇಂಚು ಅಗಲ, ಒಂದಡಿ ಆಳ ಇದ್ದರೆ ಎರಡು ಕೋವಿ ಆರಾಮವಾಗಿ ನಿಲ್ಲುತ್ತವೆ. ಆಯುಧ ಕಾಯ್ದೆಯ 2019ರ ತಿದ್ದುಪಡಿ ಆದ ಮೇಲೆ ಲೈಸೆನ್ಸಿನ ಮೇಲೆ ಒಬ್ಬರಿಗೆ ಎರಡೇ ಕೋವಿ. ಮಾಡಿಸುವಾಗ ನಾಲ್ಕು ಮಾತು ಗಟ್ಟಿಯಾಗಿ ಹೇಳಿ.

ಒಂದು, ಬಾಗಿಲು ಚೌಕಟ್ಟಿನ ಒಳಗೆ ಕೂರಬೇಕು, ಮೇಲೆ ಕೂರಬಾರದು. ಮೇಲೆ ಕೂತರೆ ಹಾರೆಗೆ ಸಂದು ಸಿಗುತ್ತೆ.

ಎರಡು, ಹೊರಗೆ ಕೊಂಡಿ ಹಾಕಿ ನೇತಾಡುವ ಬೀಗ ಬೇಡ. ಒಂದು ಪೆಟ್ಟಿಗೆ ಕೊಂಡಿ ಕಿತ್ತು ಬರುತ್ತೆ. ಒಳಬೀಗ ಇರಲಿ. ಚಿಲಕ ಒಂದೇ ಕಡೆ ಅಲ್ಲ, ಮೇಲೆ, ಕೆಳಗೆ, ಪಕ್ಕಕ್ಕೆ ಮೂರು ಕಡೆ ಹೋಗಲಿ.

ಮೂರು, ತಿರುಗಣೆ ಹೊರಗೆ ಕಾಣುತ್ತಿದ್ದರೆ ಅದರ ಪಿನ್ನನ್ನು ಕೊಯ್ದು ಬಾಗಿಲು ಎತ್ತಬಹುದು. ತಿರುಗಣೆ ಕಡೆಯೂ ಬಾಗಿಲ ಒಳಭಾಗಕ್ಕೆ ಒಂದು ಪಟ್ಟಿ ಬೆಸುಗೆ ಹಾಕಿ ಚೌಕಟ್ಟಿನೊಳಗೆ ಸಿಕ್ಕಿಕೊಳ್ಳುವಂತೆ ಮಾಡಿಸಿ. ಆಗ ಪಿನ್ನು ಹೋದರೂ ಬಾಗಿಲು ಬರೋದಿಲ್ಲ.

ನಾಲ್ಕು, ಬೆನ್ನಿಗೆ ಎರಡು, ತಳಕ್ಕೆ ಎರಡು ತೂತು ಮೊದಲೇ ಕೊರೆಸಿ. ಯಾಕೆ ಅನ್ನೋದು ಮುಂದೆ ಬರುತ್ತೆ.

ಬೀಗದ ವಿಷಯದಲ್ಲಿ ಈಗ ನಂಬರು ಒತ್ತುವುದು, ಬೆರಳು ಒತ್ತುವುದು ಎಲ್ಲ ಬಂದಿದೆ. ಬೆರಳಚ್ಚಿನ ಬೀಗ ನೋಡೋಕೆ ಚೆಂದ. ಆದರೆ ತೋಟದಲ್ಲಿ ದುಡಿದು ಸವೆದ ಬೆರಳಿನ ಗತಿ ಏನು ಅಂತ ರೇಷನ್ ಅಂಗಡಿ ಮುಂದೆ ನಿಂತವರಿಗೆ ಗೊತ್ತು. ಹತ್ತು ಸಲ ಒತ್ತಿದರೂ ಯಂತ್ರ 'ನೀನು ಯಾರು?' ಅನ್ನುತ್ತೆ. ನಂಬರು ಬೀಗ ಪರವಾಗಿಲ್ಲ, ಕೀಲಿ ಕಳೆಯುವ ತಾಪತ್ರಯ ಇಲ್ಲ. ಆದರೆ ಪ್ರತಿ ಮಳೆಗಾಲದ ಮುಂಚೆ ಬ್ಯಾಟರಿ ಬದಲಾಯಿಸಬೇಕು. ನಂಬರು ಮಗನ ಹುಟ್ಟಿದ ವರ್ಷ, ಜೀಪಿನ ನಂಬರು ಆಗಿರಬಾರದು. ಅದನ್ನು ಮನೆಯ ಮಕ್ಕಳು ಮೊದಲ ದಿನವೇ ಕಂಡುಹಿಡೀತಾರೆ. ಒಳ್ಳೆ ಲಿವರ್ ಬೀಗದ ಹಳೇ ಕೀಲಿಯೇ ಈ ಮಳೆ ಸೀಮೆಗೆ ಸಲೀಸು.

ಎಲ್ಲಿ ಇಡಬೇಕು?

ಮೇಲೆ ಹೇಳಿದ ಅಳತೆಯ ಪೆಟ್ಟಿಗೆ ಮೂರು ಮಿಲಿಮೀಟರ್ ತಗಡಿನಲ್ಲಿ ಸುಮಾರು ಐವತ್ತು ಕಿಲೋ ತೂಗುತ್ತೆ. ಅಂದರೆ ಒಂದು ಚೀಲ ಕಾಫಿ! ಈ ಜಿಲ್ಲೆಯಲ್ಲಿ ಒಂದು ಚೀಲ ಕಾಫಿ ಹೊರಲಾರದ ಗಂಡಾಳು ಯಾರಿದ್ದಾರೆ? ಬೀಗ ಎಷ್ಟೇ ಗಟ್ಟಿ ಇರಲಿ, ಕಳ್ಳ ಪೆಟ್ಟಿಗೆ ಸಮೇತ ಜೀಪಿಗೆ ಹಾಕಿಕೊಂಡು ಹೋಗಿ ತನ್ನ ಮನೆಯಲ್ಲಿ ನಿಧಾನವಾಗಿ ಒಡೀತಾನೆ. ಅದಕ್ಕೇ ಆ ನಾಲ್ಕು ತೂತು. ಪೆಟ್ಟಿಗೆಯನ್ನು ಒಳಗಿನಿಂದ ಆಂಕರ್ ಬೋಲ್ಟ್ ಹಾಕಿ ಬಿಗೀಬೇಕು.

ಯಾವುದಕ್ಕೆ ಬಿಗಿಯೋದು ಅನ್ನೋದೇ ಮುಖ್ಯ. ಹಳೇ ಮನೆಯ ಮಣ್ಣಿನ ಗೋಡೆ ಎರಡಡಿ ದಪ್ಪ ಇದ್ದರೂ ಬೋಲ್ಟು ಹಿಡಿಯೋದಿಲ್ಲ. ಎಳೆದರೆ ಮಣ್ಣಿನ ಸಮೇತ ಕೈಗೆ ಬರುತ್ತೆ. ಅಂಥ ಮನೆಯಲ್ಲಿ ಗೋಡೆ ಬಿಟ್ಟು ನೆಲಕ್ಕೆ ಬಿಗಿಯಿರಿ. ನೆಲವೂ ಮಣ್ಣಿನ ಮೇಲಿನ ತೆಳು ಸಿಮೆಂಟ್ ಆಗಿದ್ದರೆ ಆ ಜಾಗ ಅಗೆದು ಒಂದಡಿ ಆಳ ಕಾಂಕ್ರೀಟ್ ಹಾಕಿಸಿ, ಬೋಲ್ಟ್ ಅದರಲ್ಲೇ ಕೂರಿಸಿ. ಇಟ್ಟಿಗೆ ಗೋಡೆಯಾದರೆ ಬೋಲ್ಟು ಇಟ್ಟಿಗೆಯ ನಡುವಿಗೆ ಹೋಗಲಿ, ಸಂದಿನ ಗಾರೆಗೆ ಹೋಗಬಾರದು. ಮರದ ಹಲಗೆಯ ಮಹಡಿ ಮೇಲೆ ಪೆಟ್ಟಿಗೆ ಬೇಡವೇ ಬೇಡ.

ಕೋಣೆಯ ಮೂಲೆ ಒಳ್ಳೇದು. ಎರಡು ಕಡೆ ಗೋಡೆ ಬಂದರೆ ಹಾರೆ ಬೀಸೋಕೆ ಜಾಗ ಸಿಗೋದಿಲ್ಲ. ಬಾಗಿಲು ತೆರೆಯುವ ಕಡೆ ಗೋಡೆಗೆ ಹತ್ತಿರ ಇದ್ದರೆ ಇನ್ನೂ ಒಳ್ಳೇದು, ಮೀಟಲು ಕೈ ಆಡೋದಿಲ್ಲ.

ಯಾವ ಕೋಣೆ? ಯಜಮಾನರು ಮಲಗುವ ಕೋಣೆ. ಅದರಲ್ಲೂ ಗೋಡೆ ಬೀರುವಿನ ಒಳಗೆ, ಬಾಗಿಲು ಮುಚ್ಚಿದರೆ ಪೆಟ್ಟಿಗೆ ಇದೆ ಅಂತ ಯಾರಿಗೂ ತಿಳಿಯಬಾರದು. ಹಾಲ್‌ನಲ್ಲಿ ಬೇಡ, ಕೋವಿ ಪೆಟ್ಟಿಗೆ ಟಿವಿ ಅಲ್ಲ ತೋರಿಸೋದಕ್ಕೆ. ಹೋಂಸ್ಟೇ ಕಡೆಯ ಕೋಣೆಯಲ್ಲಂತೂ ಬೇಡ. ಮಕ್ಕಳು ಮಲಗುವ ಕೋಣೆ ಬೇಡ. ಕಿಟಕಿಯಿಂದ ಕಾಣುವ ಗೋಡೆ ಬೇಡ. ಸ್ಪ್ರೇ ಪಂಪು, ಗೊಬ್ಬರ ಇಡುವ ಸ್ಟೋರ್ ರೂಮ್ ಬೇಡ. ಅಲ್ಲಿ ದಿನಾ ಹತ್ತು ಜನ ಓಡಾಡ್ತಾರೆ, ಮೇಲಾಗಿ ಗೊಬ್ಬರದ ಉಪ್ಪು ಕಬ್ಬಿಣ ತಿನ್ನುತ್ತೆ. ಬಚ್ಚಲಿಗೆ ಅಂಟಿದ ಗೋಡೆ ಬೇಡ, ಮಳೆ ಹೊಡೆಯುವ ಹೊರಗೋಡೆ ಬೇಡ. ಒಲೆ, ಗ್ಯಾಸ್ ಸಿಲಿಂಡರ್ ಹತ್ತಿರ ಬೇಡ.

ಕನ್ನಿಕೋಂಬರೆಯಲ್ಲಿ ಇಡಬಹುದಲ್ಲ ಅನ್ನುವವರಿದ್ದಾರೆ. ಹಬ್ಬದ ದಿನ ದೇವರ ಕೋಣೆಯಲ್ಲಿ ಕೋವಿ ಇಡಲಿ, ಯಾರು ಬೇಡ ಅಂದರು? ಆದರೆ ಆ ಕೋಣೆಗೆ ಮನೆಯವರೆಲ್ಲ ಬರ್ತಾರೆ, ನೆಂಟರು ಬರ್ತಾರೆ, ದೀಪ ಉರಿಯುತ್ತೆ. ಪೂಜೆ ಮುಗಿದ ಮೇಲೆ ಕೋವಿ ಪೆಟ್ಟಿಗೆಗೆ ಹೋಗಲಿ.

ಮಳೆಗಾಲದ ವೈರಿ

'ಪೆಟ್ಟಿಗೇಲಿ ಇಟ್ರೆ ತುಕ್ಕು ಹಿಡಿಯುತ್ತೆ, ಗೋಡೇಲಿ ಇದ್ರೆ ಗಾಳಿಯಾಡುತ್ತೆ.' ಈ ಮಾತಿನಲ್ಲಿ ಅರ್ಧ ಸತ್ಯ ಇದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಚಪ್ಪಲಿಗೂ ಬೂಷ್ಟು ಬರುವ ಸೀಮೆ ಇದು. ಮುಚ್ಚಿದ ಕಬ್ಬಿಣದ ಪೆಟ್ಟಿಗೆಯೊಳಗೆ ತೇವ ಸಿಕ್ಕಿಕೊಂಡರೆ ಹೊರಗೆ ಹೋಗೋದಿಲ್ಲ. ಆದರೆ ಅದಕ್ಕೆ ಮದ್ದು ಇದೆ.

ತೋಟದಿಂದ ಬಂದ ಕೂಡಲೇ ಒದ್ದೆ ಕೋವಿಯನ್ನು ಪೆಟ್ಟಿಗೆಗೆ ಹಾಕಬೇಡಿ. ನಳಿಗೆಯ ಒಳಗೆ ಒಣಬಟ್ಟೆ ಎಳೆದು, ಹೊರಗೆ ಒರೆಸಿ, ತೆಳುವಾಗಿ ಎಣ್ಣೆ ಸವರಿ ಆಮೇಲೆ ಇಡಿ. ಎಣ್ಣೆ ಜಾಸ್ತಿ ಸುರಿದರೆ ಇಳಿದು ಹಿಡಿಯ ಮರ ಮೆತ್ತಗಾಗುತ್ತೆ. ಚರ್ಮದ ಚೀಲ, ಕಂಬಳಿ, ಬಟ್ಟೆಯ ಗವಸು ಸುತ್ತಿ ಇಡಬೇಡಿ. ಅವು ತೇವ ಹೀರಿ ನಳಿಗೆಗೆ ಅಂಟಿಸುತ್ತವೆ. ಕೋವಿ ಬರಿಮೈಯಲ್ಲೇ ನಿಲ್ಲಲಿ.

ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ. ನೀಲಿ ಹರಳು ತೇವ ಕುಡಿದರೆ ಗುಲಾಬಿ ಬಣ್ಣಕ್ಕೆ ತಿರುಗುತ್ತೆ. ಅಡುಗೆಗೆ ಬಳಸದ ಹಳೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿ. ಅದು ವಿಷ, ಮಕ್ಕಳ ಕೈಗೆ ಸಿಗಬಾರದು. ಪೆಟ್ಟಿಗೆಯ ತಳ ನೆಲಕ್ಕೆ ಅಂಟದಂತೆ ನಾಲ್ಕು ಮೂಲೆಗೂ ದಪ್ಪ ರಬ್ಬರ್ ತುಂಡು ಕೊಟ್ಟು ಬೋಲ್ಟ್ ಬಿಗಿಯಿರಿ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಬಾಗಿಲು ತೆರೆದು ಕೋವಿ ಮುಟ್ಟಿ ನೋಡಿ. ಬೆಂಕಿ ತಡೆಯುವ ದುಬಾರಿ ಪೆಟ್ಟಿಗೆ ಕೊಳ್ಳುವವರು ಇನ್ನೂ ಎಚ್ಚರ ಇರಬೇಕು. ಅದರ ಗೋಡೆಯೊಳಗೆ ತುಂಬಿರುವ ಜಿಪ್ಸಮ್ಮಿನಲ್ಲೇ ನೀರಿನ ಅಂಶ ಇರುತ್ತೆ.

ಕಾಡತೂಸು ಬೇರೆ, ಕೀಲಿ ಬೇರೆ

ಕೋವಿ ಮತ್ತು ಕಾಡತೂಸು ಒಂದೇ ಪೆಟ್ಟಿಗೆಯಲ್ಲಿ ಇಟ್ಟು 'ಬೀಗ ಹಾಕಿದ್ದೇನೆ' ಅಂದರೆ ಕಳ್ಳನಿಗೆ ಒಂದೇ ಕೆಲಸ. ಕಾಡತೂಸಿಗೆ ಬೇರೆ ಸಣ್ಣ ಪೆಟ್ಟಿಗೆ, ಬೇರೆ ಕೋಣೆ, ಬೇರೆ ಕೀಲಿ. ಎಷ್ಟಿವೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಒಂದು ಕಡಿಮೆಯಾದರೆ ಅಂದೇ ಗೊತ್ತಾಗಬೇಕು.

ಕೇಪಿನ ಕೋವಿಯ ಮದ್ದಿನ ವಿಷಯದಲ್ಲಿ ಇದರ ಉಲ್ಟಾ. ಮದ್ದನ್ನು ಗಟ್ಟಿ ಕಬ್ಬಿಣದ ಪೆಟ್ಟಿಗೆಯೊಳಗೆ ಬಿಗಿಯಾಗಿ ಮುಚ್ಚಿಡಬಾರದು. ಬೆಂಕಿ ತಾಗಿದರೆ ಬಯಲಿನಲ್ಲಿ ಬುಸ್ ಅನ್ನುವ ಮದ್ದು ಕಬ್ಬಿಣದೊಳಗೆ ಬಾಂಬ್ ಆಗುತ್ತೆ. ಅದು ತಂದ ಡಬ್ಬದಲ್ಲೇ, ಬೀಗ ಹಾಕಿದ ಮರದ ಪೆಟ್ಟಿಗೆಯಲ್ಲಿ, ಒಲೆಯಿಂದ ದೂರ, ಕೇಪಿನಿಂದಲೂ ದೂರ ಇರಬೇಕು.

ಪೆಟ್ಟಿಗೆಗೆ ಹೋಗುವ ಮುಂಚೆ ಕೋವಿ ಖಾಲಿಯಾಗಬೇಕು. ಮಡಚಿ, ಕಣ್ಣಲ್ಲಿ ನೋಡಿ, ಬೆರಳು ಹಾಕಿ ನೋಡಿ. 'ನಿನ್ನೆ ತೆಗೆದಿದ್ದೆ, ನೆನಪಿದೆ' ಅನ್ನೋ ಮಾತು ನಂಬಬೇಡಿ.

ಇಷ್ಟೆಲ್ಲ ಮಾಡಿ ಕೊನೆಗೆ ಕೀಲಿ ಎಲ್ಲಿಡ್ತಾರೆ? ದೇವರ ಫೋಟೋ ಹಿಂದೆ! ಇಲ್ಲವಾದರೆ ಅಕ್ಕಿ ಡಬ್ಬದಲ್ಲಿ, ದಿಂಬಿನ ಕೆಳಗೆ, ಕ್ಯಾಲೆಂಡರ್ ಮೊಳೆಯಲ್ಲಿ. ಮನೆಗೆ ನುಗ್ಗಿದ ಕಳ್ಳ ಮೊದಲು ತಡಕೋದೇ ಈ ಜಾಗಗಳನ್ನು. ಮಕ್ಕಳಂತೂ ದೊಡ್ಡವರು ಕೀಲಿ ಇಡೋದನ್ನು ನೋಡ್ತಾನೇ ಬೆಳೆದಿರ್ತಾರೆ. ಕೀಲಿ ಯಜಮಾನರ ಮೈಮೇಲೆ ಇರಲಿ, ಬೀಗದ ಗೊಂಚಲಿನಲ್ಲಿ. ಎರಡನೇ ಕೀಲಿ ಬ್ಯಾಂಕ್ ಲಾಕರಿನಲ್ಲಿ ಇರಲಿ. ಊರಿಗೆ ಹೋಗುವಾಗ ರೈಟರ ಕೈಗೆ, ಅಡುಗೆಯವರ ಕೈಗೆ ಕೊಟ್ಟು ಹೋಗಬೇಡಿ. ಕೋವಿ ಇಟ್ಟುಕೊಳ್ಳುವ ಹಕ್ಕು ಇಲ್ಲದವರ ಕೈಗೆ ಕೀಲಿ ಕೊಟ್ಟರೆ ಅವರನ್ನೂ ಕಷ್ಟಕ್ಕೆ ಸಿಕ್ಕಿಸಿದಂತೆ.

ಕೋವಿಯ ನಂಬರನ್ನು ಬೇರೆ ಕಡೆ ಬರೆದಿಟ್ಟಿರಿ. ಕಳುವಾದರೆ ಮರ್ಯಾದೆ ಹೋಗುತ್ತೆ ಅಂತ ಮುಚ್ಚಿಡದೆ ಅಂದೇ ಠಾಣೆಗೆ ತಿಳಿಸಿ. ಮತ್ತೆ ಕೈಲ್ ಮುಹೂರ್ತದ ದಿನ ಮನೆಯ ಕೋವಿಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಫೋಟೋ ತೆಗೆದು ಮೊಬೈಲಿನಲ್ಲಿ ಊರಿಗೆಲ್ಲ ಹಂಚುವ ಚಟ ಒಂದಿದೆ. ಪೆಟ್ಟಿಗೆಯನ್ನು ಬಚ್ಚಿಟ್ಟು, ಅದರೊಳಗೆ ಏನಿದೆ ಅಂತ ಡಂಗುರ ಹೊಡೆದಂತೆ ಆಯಿತಲ್ಲ?

'ರಾತ್ರಿ ಆನೆ ಬಂದ್ರೆ?'

ಇದು ಕೊನೆಯ ತಕರಾರು. ನಿಜವಾದದ್ದೂ ಹೌದು. ಭತ್ತ ಕೊಯ್ಲಿನ ಹೊತ್ತಿಗೆ, ಹಲಸು ಹಣ್ಣಾಗುವ ಹೊತ್ತಿಗೆ ಅಂಗಳಕ್ಕೇ ಆನೆ ಬರುವ ಊರುಗಳಿವೆ. ಕತ್ತಲಲ್ಲಿ ಬೀಗ ತೆಗೀತಾ ಕೂತರೆ ಆಯ್ತಾ ಅಂತ ಕೇಳಿದರೆ ತಪ್ಪಲ್ಲ.

ಆದರೆ ಲೆಕ್ಕ ಹಾಕಿ. ಆನೆಗೆ ಗುಂಡು ಹೊಡೆಯೋದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ದೊಡ್ಡ ಅಪರಾಧ. ಹೆದರಿಸೋದಕ್ಕೆ ಗಾಳಿಯಲ್ಲಿ ಒಂದು ಈಡು ಹಾರಿಸಬಹುದು, ಅಷ್ಟೇ. ಅದಕ್ಕೆ ಪಟಾಕಿಯೂ ಆಗುತ್ತೆ, ತಗಡು ಬಡಿದರೂ ಆಗುತ್ತೆ. ಸೊಂಟದಲ್ಲಿ ಕೀಲಿ ಇದ್ದವನಿಗೆ ಮಲಗುವ ಕೋಣೆಯ ಪೆಟ್ಟಿಗೆ ತೆಗೆಯೋಕೆ ಅರ್ಧ ನಿಮಿಷ, ಕಾಡತೂಸಿಗೆ ಇನ್ನರ್ಧ ನಿಮಿಷ. ಆ ಒಂದು ನಿಮಿಷದಲ್ಲಿ ಆನೆ ತಿನ್ನುವ ಬಾಳೆ ಎಷ್ಟು, ತಿನ್ನಲಿ ಬಿಡಿ. ನಿದ್ದೆಗಣ್ಣಿನಲ್ಲಿ ತುಂಬಿದ ಕೋವಿ ಹಿಡಿದು ಅಂಗಳಕ್ಕೆ ಓಡಿದವನಿಗೆ ಕತ್ತಲಲ್ಲಿ ಆನೆ ಯಾವುದು, ಲೈನ್‌ಮನೆಯಿಂದ ಹೊರಗೆ ಬಂದ ಕೆಲಸದಾಳು ಯಾವುದು ಅಂತ ಕಾಣೋದಿಲ್ಲ. ಆ ಒಂದು ನಿಮಿಷ ಕಣ್ಣು ತೆರೆಯೋಕೂ ಬೇಕು.

2029 ಬರುತ್ತೆ

ವಿನಾಯಿತಿಯ ಅವಧಿ 2029ಕ್ಕೆ ಮುಗಿಯುತ್ತೆ. ಆಗ ಮತ್ತೆ ಅರ್ಜಿ, ಮತ್ತೆ ವಾದ, ಮತ್ತೆ ಕೋರ್ಟು. 'ಇವರಿಗೆ ಮಾತ್ರ ಯಾಕೆ?' ಅನ್ನುವವರು ಬಂದೇ ಬರ್ತಾರೆ. ಅವರ ಕೈಯಲ್ಲಿ ಏನಿರುತ್ತೆ? ಪೇಪರಿನ ತುಂಡುಗಳು. ಆಟ ಆಡ್ತಾ ಗುಂಡು ತಗುಲಿದ್ದು, ಜಗಳದಲ್ಲಿ ಹೊಡೆದದ್ದು, ಕಳುವಾದದ್ದು. ಬೀಗ ಇಲ್ಲದ ಒಂದೊಂದು ಮನೆಯೂ ಆ ಫೈಲಿಗೆ ಒಂದೊಂದು ಹಾಳೆ ಸೇರಿಸುವ ಮನೆಯೇ. ಸಂಪ್ರದಾಯ, ವೀರಪರಂಪರೆ ಅಂತ ಭಾಷಣ ಮಾಡಿದರೆ ಆ ಹಾಳೆಗಳು ಹರಿಯೋದಿಲ್ಲ. 'ವಿನಾಯಿತಿ ಪಡೆದವರ ಮನೆಗೆ ಬಂದು ನೋಡಿ, ಒಂದೊಂದರಲ್ಲೂ ಬಿಗಿದ ಪೆಟ್ಟಿಗೆ ಇದೆ' ಅಂತ ಹೇಳಬಲ್ಲವರಿಗೆ ಮಾತ್ರ ಗಟ್ಟಿ ಉತ್ತರ ಇರುತ್ತೆ.

ಇದನ್ನು ಸರಕಾರ ಹೇರುವ ತನಕ ಕಾಯಬೇಕಾಗಿಲ್ಲ. ಸಮಾಜಗಳು, ಒಕ್ಕಗಳು, ಬೆಳೆಗಾರರ ಸಹಕಾರ ಸಂಘಗಳು ಸೇರಿ ಒಂದು ಅಳತೆಯ ಪೆಟ್ಟಿಗೆಯನ್ನು ಒಟ್ಟಿಗೆ ಮಾಡಿಸಿದರೆ ಬೆಲೆಯೂ ಇಳಿಯುತ್ತೆ. ಗೊಬ್ಬರಕ್ಕೆ, ಪಂಪ್‌ಸೆಟ್ಟಿಗೆ ಸಾಲ ಕೊಡುವ ಸಂಘಕ್ಕೆ ಪೆಟ್ಟಿಗೆಗೆ ಕಂತು ಕಟ್ಟಿಸಿಕೊಳ್ಳೋದು ಕಷ್ಟವೇನಲ್ಲ. ತೆಂಗಿನಕಾಯಿಗೆ ಗುಂಡು ಹೊಡೆದವನಿಗೆ ಕೊಡುವ ಕಪ್ಪು, ಶೀಲ್ಡುಗಳ ಬದಲು ಒಂದು ವರ್ಷ ಕೋವಿ ಪೆಟ್ಟಿಗೆಯನ್ನೇ ಬಹುಮಾನ ಕೊಟ್ಟು ನೋಡಲಿ. ಅಧಿಕಾರಿಗಳೂ ಅಷ್ಟೇ. ಚುನಾವಣೆ ಬಂದಾಗ ಮಾತ್ರ 'ಕೋವಿ ಎಲ್ಲಿ?' ಅಂತ ಕೇಳದೆ, ಸರ್ಟಿಫಿಕೇಟ್ ಕೊಡುವಾಗಲೇ 'ಎಲ್ಲಿ ಇಡ್ತೀರಿ?' ಅಂತ ಒಂದು ಮಾತು ಕೇಳಲಿ.

ಈ ಕೈಲ್ ಮುಹೂರ್ತದಂದು ಪೂಜೆ ಮುಗಿದು, ಕಡಂಬಿಟ್ಟು, ಪಂದಿಕರಿ ಊಟ ಆಗಿ, ನೆಂಟರು ಹೊರಟ ಮೇಲೆ ಯಜಮಾನರು ಒಂದು ಕೆಲಸ ಮಾಡಲಿ. ಆರು ವರ್ಷದ ಮೊಮ್ಮಗನನ್ನು ಹತ್ತಿರ ಕರೆದು ಕೇಳಲಿ: 'ಪುಟ್ಟಾ, ಕೋವಿ ಕೀಲಿ ಎಲ್ಲಿದೆ?'

ಅವನು ಬೆರಳು ತೋರಿಸಿದರೆ ಮಾರನೆಯ ದಿನ ಬೆಳಗ್ಗೆ ಟೇಪು ಹಿಡಿದು ವೆಲ್ಡಿಂಗ್ ಶಾಪಿಗೆ ಹೊರಡಲಿ. 'ಗೊತ್ತಿಲ್ಲ ತಾತ' ಅಂದರೆ, ಆವತ್ತು ರಾತ್ರಿ ನೆಮ್ಮದಿಯಾಗಿ ಮಲಗಲಿ.